ಸಹಾಯ ಬೇಕು: ಅವ್ವನ ಮೂಳೆ ಸವೆತಕ್ಕೆ (ಆಸ್ಟಿಯೊಪೊರೋಸಿಸ್) ದಿನದ ಇಂಜೆಕ್ಷನ್ನಾ, ವರ್ಷದ ಡ್ರಿಪ್ಪಾ?

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರು ಜಿಲ್ಲೆ ಸಿಂಧನೂರಿನವರು. ಅವ್ವನಿಗೆ 68 ವರ್ಷ. ನೀರಿನ ಕೊಡ ಎತ್ತುವಾಗ ಬೆನ್ನುಮೂಳೆ ಬಿರುಕು ಬಿಟ್ಟಿತು, ಬಿದ್ದಿದ್ದೂ ಇಲ್ಲ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 3.4 ಬಂದಿದೆ, ಅಂದರೆ ಮೂಳೆ ತುಂಬಾ ಸವೆದಿದೆ.

ಮೊದಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಕೂತರೂ ಎದೆಯುರಿ ತಡೆಯಲಾಗಲಿಲ್ಲ, ನಿಲ್ಲಿಸಿದರು. ಈಗ ಒಬ್ಬ ಡಾಕ್ಟರು ಟೆರಿಪಾರಟೈಡ್ ಪೆನ್ (ಪೆನ್ನಿನಂಥ ಇಂಜೆಕ್ಷನ್) ಹಾಕಿ, ದಿನಾ ಒಂದು ಸೂಜಿ, 2 ವರ್ಷ, ಅದು ಹೊಸ ಮೂಳೆ ಕಟ್ಟುತ್ತದೆ ಅಂತಾರೆ. ಇನ್ನೊಬ್ಬರು ವರ್ಷಕ್ಕೊಮ್ಮೆ ಝೋಲೆಡ್ರಾನಿಕ್ ಆಸಿಡ್ ಡ್ರಿಪ್ ಸಾಕು ಅಂತಾರೆ. ಡ್ರಿಪ್ ಸವೆಯುವುದನ್ನು ತಡೆಯುತ್ತದೆ ಅಷ್ಟೇ, ಅಲ್ವಾ? ಆದರೆ ಪೆನ್ ಮುಗಿದ ಮೇಲೂ ಡ್ರಿಪ್ಪೋ ಮಾತ್ರೆಯೋ ತಗೊಳ್ಳಲೇಬೇಕಂತೆ, ಇಲ್ಲದಿದ್ದರೆ ಕಟ್ಟಿದ ಮೂಳೆ ಮತ್ತೆ ಕರಗುತ್ತದಂತೆ. ಮೇಲಾಗಿ ಪೆನ್ ಫ್ರಿಜ್‌ನಲ್ಲೇ ಇರಬೇಕು. ನಮ್ಮ ಕಡೆ ಬೇಸಿಗೆ, ಕರೆಂಟು ಹೇಗೆ ಅಂತ ನಿಮಗೆ ಗೊತ್ತೇ ಇದೆ.

ನನಗೆ ತಿಳಿಯದೆ ನಿಂತಿರುವುದು ಇಲ್ಲಿ. ಡೆಕ್ಸಾ ಮತ್ತೆ ಮಾಡುವುದು ವರ್ಷ ಕಳೆದ ಮೇಲೆ. ಅಷ್ಟು ದಿನ ದುಬಾರಿ ಸೂಜಿ ಸುಮ್ನೆ ಚುಚ್ಚುತ್ತಾ ಇರಬೇಕಾ? ಪಿ1ಎನ್‌ಪಿ ಅಂತ, ಹೊಸ ಮೂಳೆ ಕಟ್ಟುತ್ತಿದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ ಇದೆ, ಪೆನ್ ಕೆಲಸ ಮಾಡುತ್ತಿದ್ದರೆ ಕೆಲವು ತಿಂಗಳಲ್ಲೇ ಅದು ಏರುತ್ತದೆ ಅಂತ ಕೇಳಿದೆ.

ಮನೆಯಲ್ಲಿ ಯಾರಿಗಾದರೂ ಪೆನ್ ಹಾಕಿಸಿದವರು ದಯವಿಟ್ಟು ಹೇಳಿ: ಈ ಪರೀಕ್ಷೆ ಮಾಡಿಸಿದಿರಾ, ಯಾವ ತಿಂಗಳಲ್ಲಿ? ರಾಯಚೂರು ಅಥವಾ ಬಳ್ಳಾರಿಯಲ್ಲೇ ರಕ್ತ ತಗೊಂಡರಾ, ಹೈದರಾಬಾದಿಗೇ ಹೋಗಬೇಕಾಯ್ತಾ?