ರಜೆ ಮುಗಿದರೂ ಘಟಕಕ್ಕೆ ಮರಳದ ಸಿಪಾಯಿಗೆ ಶಿಕ್ಷೆ ಏನು?

ಪ್ರಶ್ನೆ: ನನ್ನ ತಮ್ಮ ಭೂಸೇನೆಯಲ್ಲಿ ಸಿಪಾಯಿ. ಅವನು ರಜೆಯಲ್ಲಿ ಊರಿಗೆ ಬಂದಿದ್ದಾಗ ತಾಯಿಯವರಿಗೆ ಪಾರ್ಶ್ವವಾಯು ಬಡಿದು, ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ರಜೆ ಮುಗಿದು ಮೂರು ವಾರಗಳಾದವು. ಹವಾಲ್ದಾರರಿಗೆ ಫೋನಿನಲ್ಲಿ ಹೇಳಿದ್ದಾನೆಯೇ ಹೊರತು ಲಿಖಿತವಾಗಿ ಏನನ್ನೂ ಕಳುಹಿಸಿಲ್ಲ. ಓಡಿಬಂದವನೆಂದು ಅವನನ್ನು ಜೈಲಿಗೆ ಹಾಕುತ್ತಾರೆಯೇ ಸರ್?

ಉತ್ತರ (ಸೇನಾ ಕಾನೂನಿನ ವಕೀಲರು): 1950ರ ಸೇನಾ ಕಾಯ್ದೆ ಇಲ್ಲಿ ಎರಡು ಬೇರೆ ಅಪರಾಧಗಳನ್ನು ಹೇಳುತ್ತದೆ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 39ನೇ ಕಲಮಿನಡಿ ಬರುತ್ತದೆ. ಸೇನಾ ನ್ಯಾಯಾಲಯ ಅದಕ್ಕೆ ಗರಿಷ್ಠ 3 ವರ್ಷ ಸೆರೆವಾಸ ವಿಧಿಸಬಹುದು. ಮರಳುವ ಉದ್ದೇಶವೇ ಇಲ್ಲದೆ, ಅಥವಾ ಮುಖ್ಯವಾದ ಕರ್ತವ್ಯವನ್ನು ತಪ್ಪಿಸಿಕೊಳ್ಳಲೆಂದು ಸೇನೆ ತೊರೆಯುವುದು 38ನೇ ಕಲಮಿನ ಅಪರಾಧ. ಅದಕ್ಕೆ 7 ವರ್ಷಗಳವರೆಗೆ ಸೆರೆಯುಂಟು. ಸಕ್ರಿಯ ಸೇವೆಯಲ್ಲಿದ್ದಾಗ, ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಸೇವೆಯಲ್ಲಿದ್ದಾಗ, ನಡೆದರೆ ಮರಣದಂಡನೆಯವರೆಗೂ ಅವಕಾಶವಿದೆ. ಯುದ್ಧ ನಡೆಯದಿದ್ದರೂ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಸೇವೆಯನ್ನು ಸಕ್ರಿಯವೆಂದು ಘೋಷಿಸಬಹುದಾದ್ದರಿಂದ, ಅವನ ಘಟಕ ಎಲ್ಲಿದೆ ಎಂಬುದನ್ನು ಹಗುರವಾಗಿ ಪರಿಗಣಿಸಬೇಡಿ.

ನೀವು ಹೇಳಿದ ಸಂಗತಿಯಲ್ಲಿ ತೊರೆಯುವ ಉದ್ದೇಶ ನನಗೆ ಕಾಣುತ್ತಿಲ್ಲ. ಅವನು ತಾನಾಗಿಯೇ ಹಾಜರಾದರೆ ಕಮಾಂಡಿಂಗ್ ಅಧಿಕಾರಿಯೇ 80ನೇ ಕಲಮಿನಡಿ ವಿಚಾರಿಸಿ ಪ್ರಕರಣ ಮುಗಿಸಬಹುದು. ಆ ಅಧಿಕಾರದಲ್ಲಿ ಸೇನಾ ವಶದಲ್ಲಿ 28 ದಿನಗಳವರೆಗಿನ ಸೆರೆ, ಲೈನಿನಲ್ಲಿ (ಸೈನಿಕರ ವಸತಿ ಪ್ರದೇಶದಲ್ಲಿ) ನಿರ್ಬಂಧ, ಹೆಚ್ಚುವರಿ ಪಹರೆ, 14 ದಿನಗಳ ವೇತನದವರೆಗೆ ದಂಡ, ವಾಗ್ದಂಡನೆ ಇವೆಲ್ಲ ಸೇರುತ್ತವೆ. ಗೈರುಹಾಜರಾದ ದಿನಗಳ ಸಂಬಳದ ಕಡಿತ ಬೇರೆ. ಫೋನಿನ ಮಾತು ಕಡತದಲ್ಲಿ ಉಳಿಯುವುದಿಲ್ಲ. ಆಸ್ಪತ್ರೆಯ ದಾಖಲೆಗಳ ಸಮೇತ ಲಿಖಿತ ಮನವಿಯನ್ನು ಇಂದೇ ಕಳುಹಿಸಿ, ಅವನನ್ನು ರೈಲು ಹತ್ತಿಸಿ.

ಮರುಪ್ರಶ್ನೆ: 30 ದಿನ ದಾಟಿದರೆ ಏನಾಗುತ್ತದೆ? ಕೆಲವು ವರ್ಷ ಸುಮ್ಮನಿದ್ದರೆ ಪ್ರಕರಣ ತಾನಾಗಿ ಬಿದ್ದುಹೋಗುತ್ತದೆ ಎಂದು ಊರಿನ ಹಿರಿಯರೊಬ್ಬರು ಹೇಳುತ್ತಿದ್ದಾರೆ.

ಉತ್ತರ: 30 ದಿನ ಕಳೆದ ಮೇಲೆ 106ನೇ ಕಲಮಿನಂತೆ ವಿಚಾರಣಾ ಮಂಡಳಿ ಕೂಡುತ್ತದೆ. ಗೈರುಹಾಜರಿಗೆ ಸರಿಯಾದ ಅನುಮತಿಯಾಗಲಿ ಸಾಕಷ್ಟು ಕಾರಣವಾಗಲಿ ಇರಲಿಲ್ಲವೆಂದು ಮಂಡಳಿ ಕಂಡುಕೊಂಡರೆ ಅದು ರೆಜಿಮೆಂಟಿನ ಪುಸ್ತಕದಲ್ಲಿ ದಾಖಲಾಗುತ್ತದೆ. ನಂತರವೂ ಅವನು ಶರಣಾಗದಿದ್ದರೆ, ಸಿಕ್ಕಿಬೀಳದಿದ್ದರೆ, ಸೇನೆ ತೊರೆದವನೆಂದೇ ಭಾವಿಸಲಾಗುತ್ತದೆ. ಹಿಡಿದುಕೊಡುವಂತೆ ಪೊಲೀಸರಿಗೂ ಪತ್ರ ಬರುತ್ತದೆ. ಹಿರಿಯರ ಮಾತಿಗೆ ಅರ್ಧ ಆಧಾರವಿದೆ, ಆದ್ದರಿಂದಲೇ ಅದು ಅಪಾಯಕಾರಿ: 122ನೇ ಕಲಮು ವಿಚಾರಣೆಗೆ ಸಾಮಾನ್ಯವಾಗಿ 3 ವರ್ಷಗಳ ಮಿತಿ ಹಾಕುತ್ತದೆ, ಆದರೆ ಸೇನೆ ತೊರೆದ ಅಪರಾಧವನ್ನು ಆ ಮಿತಿಯಿಂದ ಹೊರಗಿಟ್ಟಿದೆ.