ಜೋತುಬಿದ್ದ ಚರ್ಮಕ್ಕೆ ಯಾವ ವಿಟಮಿನ್?

ಪ್ರಶ್ನೆ (ಕಡಿಯಾಳಿ, ಉಡುಪಿ, 46 ವರ್ಷ):
ಮೇಡಂ, ಒಂದು ವರ್ಷದಲ್ಲಿ 80 ಕೆ.ಜಿ.ಯಿಂದ 62ಕ್ಕೆ ಇಳಿದಿದ್ದೇನೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೆ, ಇಳಿಸಲೇಬೇಕಿತ್ತು. ಈಗ ತೋಳಿನ ಅಡಿಯಲ್ಲೂ ಹೊಟ್ಟೆಯಲ್ಲೂ ಚರ್ಮ ಜೋತುಬಿದ್ದಿದೆ. ಮದುವೆಮನೆಗೆಂದು ರವಿಕೆಯ ತೋಳು ಉದ್ದ ಹೊಲಿಸುವಂತಾಗಿದೆ. ಗೆಳತಿಯ ಮಾತು ಕೇಳಿ ಕೊಲಾಜೆನ್ ಪುಡಿ, ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್), ವಿಟಮಿನ್ ಇ ಮೂರನ್ನೂ ತಂದೆ. ನಾವು ಸಸ್ಯಾಹಾರಿಗಳು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ರಾತ್ರಿ ಗಂಜಿ, ಉಪ್ಪಿನಕಾಯಿ. ಎಷ್ಟು ತಿಂಗಳಲ್ಲಿ ಚರ್ಮ ಬಿಗಿಯಾಗುತ್ತದೆ?

ಉತ್ತರ (ಆಹಾರ ತಜ್ಞೆ):
ಮೊದಲು ಆ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿ. ಕೊಲಾಜೆನ್ ಎಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್, ಅದು ಗಿಡದಲ್ಲಿ ಇರುವುದಿಲ್ಲ. ಹೆಚ್ಚಾಗಿ ಮೀನಿನ ಇಲ್ಲವೇ ದನದ ಚರ್ಮದಿಂದ ತೆಗೆಯುತ್ತಾರೆ. ಹಸಿರು ಗುರುತಿದ್ದರೆ ಅದರಲ್ಲಿ ಸಾಮಾನ್ಯವಾಗಿ ಕೊಲಾಜೆನ್ ಇರುವುದಿಲ್ಲ, ದೇಹ ಅದನ್ನು ಕಟ್ಟಲು ಬಳಸುವ ವಸ್ತುಗಳಷ್ಟೇ ಇರುತ್ತವೆ. ಕಂದು ಗುರುತಿದ್ದರೆ ನೀವೇ ತೀರ್ಮಾನಿಸಿ.

ಇನ್ನು ಚರ್ಮದ ವಿಷಯ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ? ಕೊಲಾಜೆನ್ ಮೂರು ಎಳೆ ಹೊಸೆದ ಅಂಥ ಹಗ್ಗ. ನಾರು ಎಂದರೆ ಪ್ರೋಟೀನ್. ಹುರಿ ಬಿಗಿಯಾಗಿ ನಿಲ್ಲಲು ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಕಡಲಲ್ಲಿದ್ದ ನಾವಿಕರಿಗೆ ವಸಡಿನಲ್ಲಿ ರಕ್ತ ಒಸರುತ್ತಿತ್ತು, ಮಾಗಿದ ಗಾಯವೂ ಬಾಯ್ದೆರೆಯುತ್ತಿತ್ತು. ವಿಟಮಿನ್ ಸಿ ಸಿಗದೆ ಹೊಸೆಯುವ ಕೆಲಸ ಕೆಟ್ಟದ್ದೇ ಕಾರಣ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಕಿತ್ತಳೆ, ನಿಂಬೆ ಕೊಟ್ಟು ನೋಡಿದಾಗ ಅಂಥವರು ಚೇತರಿಸಿಕೊಂಡರು. ಆದರೆ ನಿಮ್ಮಂಥ ಹೆಂಗಸಿಗೆ ದಿನಕ್ಕೆ ಬೇಕಾದದ್ದು 65 ಮಿ.ಗ್ರಾಂ. ಮಾತ್ರ. ಹಿತ್ತಿಲ ಒಂದು ಪೇರಳೆ ಹಣ್ಣು ಅದನ್ನು ಮೀರಿಸುತ್ತದೆ. ಮಾತ್ರೆ ಏಕೆ?

ನಿಮ್ಮಲ್ಲಿ ಕೊರತೆಯಿರುವುದು ಆ ಹಗ್ಗದ ನಾರಿನದು, ಅಂದರೆ ಪ್ರೋಟೀನಿನದು. 62 ಕೆ.ಜಿ.ಗೆ ದಿನಕ್ಕೆ ಕನಿಷ್ಠ 51 ಗ್ರಾಂ ಪ್ರೋಟೀನ್ ಬೇಕು. ನೀವು ಬರೆದ ಊಟದಲ್ಲಿ ನನ್ನ ಅಂದಾಜಿಗೆ 30ರ ಆಸುಪಾಸು ಸಿಗುತ್ತದೆ. ಗಂಜಿಯ ಜೊತೆ ಉಪ್ಪಿನಕಾಯಿಯ ಬದಲು ಹೆಸರುಕಾಳಿನ ಗಸಿ ಇರಲಿ. 50 ಗ್ರಾಂ ಕಾಳಿನಲ್ಲಿ 12 ಗ್ರಾಂ ಪ್ರೋಟೀನ್ ಇದೆ. ಹುರುಳಿ ಸಾರಿನ ತಿಳಿ ಮಾತ್ರ ಬಡಿಸಿಕೊಂಡು ಕಾಳನ್ನು ಹಸುವಿಗೆ ಹಾಕುವ ಅಭ್ಯಾಸವಿದ್ದರೆ, ಪ್ರೋಟೀನ್ ಹಸುವಿಗೆ, ನೀರು ನಿಮಗೆ. ಒಂದು ಹಿಡಿ ನೆಲಗಡಲೆ, ಒಂದು ಬಟ್ಟಲು ಮೊಸರು ಸೇರಿದರೆ ಲೆಕ್ಕ ಸರಿಹೋಗುತ್ತದೆ.

ಬಿಗಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಪೂರ್ತಿ ಆಗುವುದಿಲ್ಲ. ಲಂಗದ ಇಲಾಸ್ಟಿಕ್ ಒಮ್ಮೆ ಸೋತರೆ ಎಷ್ಟು ಒಗೆದರೂ ಬಿಗಿಯಾಗದು. ಚರ್ಮದ ಎಲಾಸ್ಟಿನ್ ಕೂಡ ಹಾಗೆಯೇ, ದೊಡ್ಡವರಾದ ಮೇಲೆ ದೇಹ ಅದನ್ನು ಹೊಸದಾಗಿ ಮಾಡುವುದು ಬಹಳ ಕಡಿಮೆ. ಭಾರ ಎತ್ತುವ ವ್ಯಾಯಾಮದಿಂದ ತೋಳಿನ ಸ್ನಾಯು ತುಂಬಿಕೊಂಡರೆ ಜೋತಿರುವುದು ಸ್ವಲ್ಪ ಮರೆಯಾಗುತ್ತದೆ. ಉಳಿದದ್ದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ, ಅದೂ ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ. ಸಕ್ಕರೆ ಕಾಯಿಲೆಯ ಅಂಚಿನಿಂದ ಹಿಂದೆ ಬಂದವರ ತೋಳಿನಲ್ಲಿ ನನಗೆ ಕಾಣುವುದು ಗೆಲುವಿನ ಗುರುತು. ಉದ್ದ ತೋಳಿನ ರವಿಕೆ ನಿಮ್ಮ ಇಷ್ಟ.

ಪ್ರಶ್ನೆ (ಮಲ್ಪೆ, 52 ವರ್ಷ):
ನಾನು ಬೋಟಿನಲ್ಲಿ 25 ವರ್ಷ ದುಡಿದವನು. ದಿನಾ ಬೂತಾಯಿ, ಬಂಗುಡೆ ತಿನ್ನುತ್ತೇನೆ, ಪ್ರೋಟೀನಿಗೆ ಬರವಿಲ್ಲ. ಆದರೂ ನನ್ನ ಕೆನ್ನೆ, ಕುತ್ತಿಗೆ ಏಕೆ ಜೋತಿವೆ?

ಉತ್ತರ:
ಬಿಸಿಲು, ಅಣ್ಣಾ. ಆಕಾಶದಿಂದ ಬೀಳುವುದಲ್ಲದೆ ನೀರಿನಿಂದ ಚಿಮ್ಮುವುದೂ ಸೇರುತ್ತದೆ. ನಿಮ್ಮ ಹೊಟ್ಟೆಯ ಚರ್ಮವನ್ನು ಮುಖದ ಪಕ್ಕದಲ್ಲಿಟ್ಟು ನೋಡಿ, ವಯಸ್ಸು ಒಂದೇ, ವ್ಯತ್ಯಾಸ ಬಿಸಿಲಿನದು. ಬೀಡಿ ಇದ್ದರೆ ಅದೂ ಪಾಲುದಾರ. ಅಗಲ ಅಂಚಿನ ಟೊಪ್ಪಿ, ತುಂಬು ತೋಳಿನ ಅಂಗಿ, ಸನ್‌ಸ್ಕ್ರೀನ್. ಬಂಗುಡೆ ಮುಂದುವರಿಯಲಿ.

ಮೊದಲ ಪ್ರಶ್ನೆ ಕೇಳಿದವರು:
ಡಬ್ಬಿ ನೋಡಿದೆ. ಕಂದು ಗುರುತು. ಮೂರು ವಾರ ಕುಡಿದಾಗಿದೆ! ಅತ್ತೆಗೆ ಏನು ಹೇಳಲಿ? ಅಂದ ಹಾಗೆ, ನಾನು ಥೈರಾಯ್ಡ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ.

ಉತ್ತರ:
ಅತ್ತೆಯವರ ವಿಷಯ ನನ್ನ ವಿದ್ಯೆಗೆ ಮೀರಿದ್ದು. ಥೈರಾಯ್ಡ್ ವಿಷಯವನ್ನು ಮೊದಲೇ ಹೇಳಬೇಕಿತ್ತು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು; ಅದನ್ನು ನಂಬಿ ಮಾತ್ರೆಯ ಪ್ರಮಾಣ ಬದಲಿಸಿದರೆ ಕಷ್ಟ. ಬಯೋಟಿನ್ ಅನ್ನು ಇಂದೇ ನಿಲ್ಲಿಸಿ, ಮುಂದಿನ ಪರೀಕ್ಷೆಗೆ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ. ವಿಟಮಿನ್ ಇ ಕೂಡ ಬೇಡ. ಮನೆಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಉಳಿದದ್ದನ್ನು ಅವರಿಗಂತೂ ಕೊಡಲೇಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.