ಆನುವಂಶಿಕ ಆಂಜಿಯೋಎಡಿಮಾ: ಪ್ರೋಟೀನಿನ ಪ್ರಮಾಣ ಸರಿಯಿದ್ದರೂ ಕಾಯಿಲೆ ಇರಬಹುದೇ?

ಪ್ರಶ್ನೆ

ನನ್ನ ತಂಗಿಗೆ ಹದಿನಾಲ್ಕನೆಯ ವಯಸ್ಸಿನಿಂದಲೂ ಕೈ, ತುಟಿ, ಕಣ್ಣಿನ ರೆಪ್ಪೆ ಆಗಾಗ ಊದಿಕೊಳ್ಳುತ್ತವೆ. ತುರಿಕೆಯಿಲ್ಲ, ಪಿತ್ತಗಂಧೆ ಏಳುವುದಿಲ್ಲ. ಮೂರು ದಿನವಿದ್ದು ಊತ ತಾನಾಗಿಯೇ ಇಳಿಯುತ್ತದೆ. ಅಲರ್ಜಿಯೆಂದು ನಂಬಿ ವರ್ಷಗಟ್ಟಲೆ ಆಂಟಿಹಿಸ್ಟಮಿನ್ ಮಾತ್ರೆ ನುಂಗಿದರೂ ಪ್ರಯೋಜನವಾಗಲಿಲ್ಲ. ನಮ್ಮ ತಂದೆಯವರಿಗೂ ಹೀಗೆಯೇ ಆಗುತ್ತಿತ್ತೆಂದು ತಿಳಿದ ಹೊಸ ವೈದ್ಯರು, ಇದು ಆನುವಂಶಿಕ ಆಂಜಿಯೋಎಡಿಮಾ (ವಂಶದಲ್ಲಿ ಬರುವ, ಮೈ ಊದಿಸುವ ಕಾಯಿಲೆ) ಇರಬಹುದೆಂದು ರಕ್ತಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಸಿ4 ಎಂಬ ರಕ್ತದ ಪ್ರೋಟೀನು ಕಡಿಮೆಯಿದೆ, ಸಿ1 ಇನ್ಹಿಬಿಟರ್ ಎಂಬ ಇನ್ನೊಂದು ಪ್ರೋಟೀನಿನ ಪ್ರಮಾಣ ಮಾತ್ರ ಸರಿಯಾಗಿದೆ. ಆದರೂ ಇನ್ನೊಂದು ಪರೀಕ್ಷೆ ಬೇಕೆನ್ನುತ್ತಾರೆ. ಸಿ1 ಇನ್ಹಿಬಿಟರಿನ ಕೊರತೆಯೇ ಕಾಯಿಲೆಯ ಮೂಲವಾದರೆ, ಕೊರತೆಯಿಲ್ಲದೆ ಕಾಯಿಲೆ ಬರುವುದು ಹೇಗೆ?

ಉತ್ತರ 1

ನಿಮ್ಮ ವೈದ್ಯರ ಅನುಮಾನ ಸರಿಯಾಗಿಯೇ ಇದೆ. ಸಿ1 ಇನ್ಹಿಬಿಟರ್ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ, ರಕ್ತದಲ್ಲಿನ ಕೆಲವು ಕಿಣ್ವಗಳಿಗೆ ಕಡಿವಾಣ ಹಾಕುವ ಪ್ರೋಟೀನು. ಅದು ಕ್ಯಾಲಿಕ್ರೀನ್ ಎಂಬ ಕಿಣ್ವವನ್ನು ಹಿಡಿದಿಡಲಾಗದೆ ಹೋದಾಗ, ಆ ಕಿಣ್ವವು ಕೈನಿನೋಜೆನ್ ಎಂಬ ಇನ್ನೊಂದು ಪ್ರೋಟೀನನ್ನು ಕತ್ತರಿಸಿ ಬ್ರಾಡಿಕೈನಿನ್ ಎಂಬ ವಸ್ತುವನ್ನು ಬಿಡುಗಡೆ ಮಾಡುತ್ತದೆ. ಬ್ರಾಡಿಕೈನಿನ್ ಹೆಚ್ಚಾದಂತೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ದ್ರವವು ಚರ್ಮದ ಆಳಕ್ಕೆ ಸೋರಿ ಊತವಾಗುತ್ತದೆ. ಇಲ್ಲಿ ಹಿಸ್ಟಮಿನ್‌ಗೆ ಪಾತ್ರವೇ ಇಲ್ಲದಿರುವುದರಿಂದ ಅಲರ್ಜಿಯ ಮಾತ್ರೆ ಕೆಲಸ ಮಾಡುವುದಿಲ್ಲ.

ಈಗ ವರದಿಯ ವಿಷಯ. ಈ ಪ್ರೋಟೀನಿನ ದೋಷವುಳ್ಳ ರೋಗಿಗಳಲ್ಲಿ ಸುಮಾರು ಶೇ. 85 ಮಂದಿಗೆ ಪ್ರೋಟೀನಿನ ಪ್ರಮಾಣವೇ ಕಡಿಮೆಯಿರುತ್ತದೆ. ಉಳಿದವರಲ್ಲಿ ಅದು ಬೇಕಾದಷ್ಟಿದ್ದರೂ ರಚನೆಯ ದೋಷದಿಂದ ತನ್ನ ಕೆಲಸ ಮಾಡುವುದಿಲ್ಲ. ಪ್ರಮಾಣ ಅಳೆಯುವ ಪರೀಕ್ಷೆಗೆ ಈ ವ್ಯತ್ಯಾಸ ಕಾಣದು. ಅದಕ್ಕಾಗಿಯೇ ಕಾರ್ಯಕ್ಷಮತೆಯ ಪರೀಕ್ಷೆ ಬೇಕು. ಸಿ1 ಇನ್ಹಿಬಿಟರಿನ ತಡೆಯಿಲ್ಲದ ಸಿ1 ಕಿಣ್ವವು ಸಿ4 ಅನ್ನು ಸವೆಸುತ್ತಾ ಹೋಗುವುದರಿಂದ, ನಿಮ್ಮ ತಂಗಿಯ ಸಿ4 ತಗ್ಗಿರುವುದು ಬಲವಾದ ಸುಳಿವು.

ಉತ್ತರ 2

ನಾನು ಇದೇ ಕಾಯಿಲೆಯವನು. ನನಗೆ ಊತ ಹೆಚ್ಚಾಗಿ ಕರುಳಿನಲ್ಲಿ ಬರುತ್ತಿತ್ತು. ಹೊರಗೆ ಏನೂ ಕಾಣದು, ಒಳಗೆ ಸಹಿಸಲಾರದ ನೋವು, ನಿಲ್ಲದ ವಾಂತಿ. ಒಮ್ಮೆ ಅಪೆಂಡಿಕ್ಸ್ ಎಂದು ತೀರ್ಮಾನಿಸಿ ಶಸ್ತ್ರಚಿಕಿತ್ಸೆ ಮಾಡಿದರು. ತೆಗೆದ ಅಪೆಂಡಿಕ್ಸ್ ಆರೋಗ್ಯವಾಗಿಯೇ ಇತ್ತು. ತಂಗಿಯವರಿಗೆ ಕಾರಣವಿಲ್ಲದ ಹೊಟ್ಟೆನೋವು ಬಂದಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ.

ಇನ್ನೊಂದು ಮಾತನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ. ಧ್ವನಿ ಬದಲಾದರೆ, ನುಂಗಲು ಕಷ್ಟವಾದರೆ, ಗಂಟಲು ಬಿಗಿದಂತಾದರೆ ಮನೆಯಲ್ಲಿ ಕಾಯಬೇಡಿ. ಶ್ವಾಸಮಾರ್ಗ ಮುಚ್ಚಿಹೋಗಬಹುದು. ಅಡ್ರಿನಲಿನ್, ಸ್ಟೀರಾಯ್ಡ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ; ಸಿ1 ಇನ್ಹಿಬಿಟರನ್ನೇ ರಕ್ತನಾಳಕ್ಕೆ ಕೊಡಬೇಕು, ಇಲ್ಲವೇ ಬ್ರಾಡಿಕೈನಿನ್‌ಗೆ ಅಡ್ಡಬರುವ ಐಕಾಟಿಬಾಂಟ್ ಚುಚ್ಚುಮದ್ದು ಬೇಕು. ಅವು ದೊರೆಯದ ಕಡೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿಟ್ಟ ದ್ರವಭಾಗ) ಬಳಸುವುದುಂಟು. ಕಾಯಿಲೆಯ ಹೆಸರು ಬರೆದ ಚೀಟಿ ನನ್ನ ಕಿಸೆಯಲ್ಲಿ ಸದಾ ಇರುತ್ತದೆ.

ಉತ್ತರ 3

ಈ ಪ್ರೋಟೀನಿನ ಕೊರತೆಯನ್ನು ಸಂಶೋಧಕರಾದ ಡೊನಾಲ್ಡ್‌ಸನ್ ಮತ್ತು ಇವಾನ್ಸ್ ಗುರುತಿಸಿದ್ದು 1963ರಲ್ಲಿ. ಅದರ ವಂಶವಾಹಿ 11ನೆಯ ವರ್ಣತಂತುವಿನಲ್ಲಿದೆ. ತಂದೆ ಅಥವಾ ತಾಯಿಯಿಂದ ದೋಷವುಳ್ಳ ಒಂದೇ ಪ್ರತಿ ಬಂದರೂ ಸಾಕು, ಆದ್ದರಿಂದ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆಯಿದೆ. ನೀವೂ ಅದೇ ತಂದೆಯ ಮಕ್ಕಳು. ನಿಮಗೆ ಇದುವರೆಗೆ ಊತ ಬಂದಿಲ್ಲವೆಂಬುದೊಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ, ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತದೊತ್ತಡಕ್ಕೆ ಕೊಡುವ ಏಸ್ ಇನ್ಹಿಬಿಟರ್ ಗುಂಪಿನ ಮಾತ್ರೆಗಳೂ ಈಸ್ಟ್ರೊಜೆನ್ ಇರುವ ಗರ್ಭನಿರೋಧಕಗಳೂ ಊತವನ್ನು ಕೆರಳಿಸಬಲ್ಲವು. ಹಲ್ಲು ಕೀಳಿಸುವುದೂ ಅಷ್ಟೇ. ಮೊದಲೇ ಔಷಧಿಯ ಏರ್ಪಾಡು ಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ವಾರ ತಂಗಿಯ ಹಲ್ಲು ಕೀಳಿಸುವುದೆಂದು ನಿಶ್ಚಯವಾಗಿತ್ತು. ವೈದ್ಯರನ್ನು ಕೇಳುವವರೆಗೆ ಅದನ್ನು ಮುಂದಕ್ಕೆ ಹಾಕಿದ್ದೇವೆ. ಅವಳ ಜೊತೆ ನನ್ನ ರಕ್ತವನ್ನೂ ಪರೀಕ್ಷೆಗೆ ಕೊಡುತ್ತೇನೆ.